ಎರಡಾಸನದ ಸ್ಟೆಲ್ತ್ ಯುದ್ಧವಿಮಾನ: ಕಾದಾಟದ ಡ್ರೋನ್‌ಗಳ ಜೊತೆ ಅದರ ಪಾತ್ರ

ರಾಡಾರ್ ಕಣ್ಣಿಗೆ ಸುಲಭವಾಗಿ ಬೀಳದಂತೆ ರೂಪಿಸಿದ, ಪೈಲಟ್‌ನ ಹಿಂದೆ ಇನ್ನೊಬ್ಬರು ಕೂರುವ ಯುದ್ಧವಿಮಾನ. ಹಿಂದಿನ ಆಸನದವರು ವಿಮಾನ ಹಾರಿಸುವುದಿಲ್ಲ. ಜೊತೆಯಲ್ಲೋ ಮುಂದೆಯೋ ಹಾರುತ್ತಿರುವ ಶಸ್ತ್ರಸಜ್ಜಿತ ಡ್ರೋನ್‌ಗಳಿಗೆ ಕೆಲಸ ಹಂಚುವುದು, ಅವು ಕಳಿಸುವ ಮಾಹಿತಿಯನ್ನು ಜರಡಿ ಹಿಡಿಯುವುದು, ಶತ್ರು ರಾಡಾರ್‌ಗಳನ್ನು ಕೆಡಿಸುವುದು ಅವರ ಪಾಲು. ಇಂಥ ವಿಮಾನವನ್ನು ಅಧಿಕೃತವಾಗಿ ಜಗತ್ತಿಗೆ ತೋರಿಸಿರುವುದು ಚೀನಾ. ಅದರ ಜೆ-20ಎಸ್ 2021ರ ಕೊನೆಯಲ್ಲಿ ಚೆಂಗ್ಡುವಿನ ಕಾರ್ಖಾನೆಯ ರನ್‌ವೇಯಲ್ಲಿ ಕಾಣಿಸಿಕೊಂಡಿತು. 2024ರ ನವೆಂಬರ್‌ನಲ್ಲಿ ಜುಹಾಯ್ ವೈಮಾನಿಕ ಪ್ರದರ್ಶನದಲ್ಲಿ ಅದರ ಹೆಸರು ಘೋಷಣೆಯಾಯಿತು. 2025ರ ಸೆಪ್ಟೆಂಬರ್ 3ರ ಬೀಜಿಂಗ್ ಪಥಸಂಚಲನದಲ್ಲಿ ಅದು ಹಾರಿತು. ಅಮೆರಿಕದ ಎಫ್-22, ಎಫ್-35, ರಷ್ಯಾದ ಸು-57 ಮೂರೂ ಒಂಟಿ ಆಸನದವು.

ಭಾರತದ ಸ್ಥಿತಿ ವಿಚಿತ್ರವಾಗಿದೆ. ನಮ್ಮಲ್ಲಿರುವ ಎರಡಾಸನದ ಯುದ್ಧವಿಮಾನಗಳು ಸ್ಟೆಲ್ತ್ ಅಲ್ಲ; ನಾವು ಕಟ್ಟುತ್ತಿರುವ ಸ್ಟೆಲ್ತ್ ವಿಮಾನಕ್ಕೆ ಎರಡನೆಯ ಆಸನವಿಲ್ಲ. ಇವೆರಡರ ನಡುವಿನ ತೆರಪನ್ನು ಡ್ರೋನ್‌ಗಳಿಂದ ತುಂಬುವ ಕೆಲಸ ಬಹುಮಟ್ಟಿಗೆ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್), ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ (ಎಡಿಎ), ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ (ಎಡಿಇ), ಚಳ್ಳಕೆರೆಯ ಬಳಿಯ ಹಾರಾಟ ಪರೀಕ್ಷಾ ವಲಯ ಇದರ ಮುಖ್ಯ ತಾಣಗಳು.

ಎರಡನೆಯ ಆಸನ ಹೋದದ್ದು, ಮರಳಿದ್ದು

ಎರಡನೆಯ ಆಸನ ಹೊಸದೇನಲ್ಲ. ಅಮೆರಿಕದ ಎಫ್-4 ಫ್ಯಾಂಟಮ್, ಎಫ್-14 ಟಾಮ್‌ಕ್ಯಾಟ್‌ಗಳಲ್ಲಿ ಹಿಂದೆ ಕೂತವರಿಗೆ ರಾಡಾರ್ ನೋಡಿಕೊಳ್ಳುವುದೇ ಪೂರ್ಣಾವಧಿ ಕೆಲಸವಾಗಿತ್ತು. ಪರದೆಯ ಮೇಲಿನ ಮಸುಕು ಚುಕ್ಕೆಗಳಲ್ಲಿ ವಿಮಾನ ಯಾವುದು, ಬೆಟ್ಟ ಯಾವುದು ಎಂದು ಬಿಡಿಸಿ ಹೇಳಲು ಪಳಗಿದ ಕಣ್ಣು ಬೇಕಿತ್ತು. ಕಂಪ್ಯೂಟರ್ ಆ ಕೆಲಸ ಕಲಿತಂತೆ ಹಿಂದಿನ ಆಸನ ಖಾಲಿಯಾಗುತ್ತ ಬಂತು. ಎಲೆಕ್ಟ್ರಾನಿಕ್ ಯುದ್ಧಕ್ಕೆಂದೇ ಇದ್ದ ಅಮೆರಿಕದ ಪ್ರೌಲರ್ ವಿಮಾನದಲ್ಲಿ ನಾಲ್ವರು ಕೂರುತ್ತಿದ್ದರು. ಅದರ ಜಾಗಕ್ಕೆ ಬಂದ ಗ್ರೌಲರ್‌ನಲ್ಲಿ ಇಬ್ಬರು. ಎಫ್-22ಕ್ಕೆ ಎರಡಾಸನದ ತರಬೇತಿ ಆವೃತ್ತಿಯೊಂದನ್ನು ಯೋಚಿಸಿ 1996ರಲ್ಲಿ ಕೈಬಿಡಲಾಯಿತು. ಎಫ್-35ರಲ್ಲಿ ಎಲ್ಲ ಸಂವೇದಕಗಳ ಮಾಹಿತಿಯನ್ನೂ ಯಂತ್ರವೇ ಕಲಸಿ ಒಂದೇ ಚಿತ್ರವಾಗಿ ಪೈಲಟ್‌ನ ಮುಂದಿಡುತ್ತದೆ. ಹೀಗಾಗಿ ಈ ವಿಮಾನಗಳ ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಪಳಗಿ, ಮೊದಲ ಹಾರಾಟವನ್ನೇ ಒಬ್ಬರೇ ಮಾಡುತ್ತಾರೆ.

ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ಬಸ್ಸನ್ನು ನೆನೆಯಬಹುದು. ನಿಲ್ದಾಣಗಳಿಲ್ಲದ ತಡೆರಹಿತ ಬಸ್ಸಿಗೆ ಚಾಲಕ-ಕಂ-ನಿರ್ವಾಹಕ ಒಬ್ಬರೇ ಸಾಕು. ಹಳ್ಳಿಹಳ್ಳಿಗೆ ನಿಲ್ಲುವ ಬಸ್ಸಿನಲ್ಲಿ ಟಿಕೆಟ್, ಚಿಲ್ಲರೆ, ಹತ್ತುವವರು, ಇಳಿಯುವವರು, ಮೇಲಿನ ಮೂಟೆ ಎಲ್ಲವನ್ನೂ ಸ್ಟೇರಿಂಗ್ ಹಿಡಿದವರ ತಲೆಗೇ ಕಟ್ಟಿದರೆ ಒಂದೋ ಬಸ್ಸು ತಡವಾಗುತ್ತದೆ, ಇಲ್ಲವೇ ಚರಂಡಿಗೆ ಇಳಿಯುತ್ತದೆ. ಸ್ಟೆಲ್ತ್ ವಿಮಾನ ಇಷ್ಟು ವರ್ಷ ತಡೆರಹಿತ ಬಸ್ಸಾಗಿತ್ತು. ಅದರ ಜೊತೆಗೆ ನಾಲ್ಕೈದು ಡ್ರೋನ್‌ಗಳು ಸೇರಿಕೊಂಡಾಗ ಮತ್ತೆ ನಿರ್ವಾಹಕರ ಮಾತು ಬಂದಿದೆ.

ಆಸನ ಪುಕ್ಕಟೆಯಲ್ಲ. ಕಾಕ್‌ಪಿಟ್ ಉದ್ದವಾದರೆ ಅದರ ಹಿಂದಿನ ಇಂಧನ ಟ್ಯಾಂಕ್ ಚಿಕ್ಕದಾಗುತ್ತದೆ. ಎಜೆಕ್ಷನ್ ಆಸನ, ಆಮ್ಲಜನಕ, ಪರದೆಗಳು, ತಂಪು ವ್ಯವಸ್ಥೆ ಸೇರಿ ತೂಕ ಏರುತ್ತದೆ. ಗಾಜಿನ ಮುಚ್ಚಳ ದೊಡ್ಡದಾದಷ್ಟೂ ರಾಡಾರ್ ಅಲೆ ಚದುರಿ ವಾಪಸಾಗುವ ಅಪಾಯ ಹೆಚ್ಚು. ಆ ಗಾಜಿಗೆ ತೆಳುವಾದ ಲೋಹಲೇಪ ಕೊಟ್ಟು, ಹೊರಮೈ ರೇಖೆಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಬೇಕು. ಜೆ-20 ಮೊದಲೇ ಉದ್ದನೆಯ, ದೊಡ್ಡ ವಿಮಾನವಾದ್ದರಿಂದ ಚೀನಾಕ್ಕೆ ಇದು ಸಾಧ್ಯವಾಯಿತು. ಚಿಕ್ಕ ವಿಮಾನಕ್ಕೆ ಈ ಹೊರೆ ದುಬಾರಿ.

ಹಿಂದಿನ ಆಸನದಲ್ಲಿ ನಡೆಯಬಹುದಾದ ಕೆಲಸಗಳು

ಮೊದಲನೆಯದು ಡ್ರೋನ್‌ಗಳ ಮೇಲುಸ್ತುವಾರಿ. ಇಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಹಿಂದೆ ಕೂತವರು ರಿಮೋಟ್ ಹಿಡಿದು ಡ್ರೋನನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದಿಲ್ಲ. ಹಾರುವ ಕೆಲಸವನ್ನು ಡ್ರೋನ್ ತಾನೇ ನೋಡಿಕೊಳ್ಳುತ್ತದೆ. ಮನುಷ್ಯರಿಂದ ಹೋಗುವುದು ಸಣ್ಣ ಆಜ್ಞೆಗಳು: ಈ ಪ್ರದೇಶವನ್ನು ಹುಡುಕು, ಆ ರಾಡಾರನ್ನು ಹಿಂಬಾಲಿಸು, ನಾನು ಹೇಳುವವರೆಗೆ ಗುಂಡು ಹಾರಿಸಬೇಡ. ಆಜ್ಞೆ ಚಿಕ್ಕದಿರಬೇಕಾದ ಕಾರಣ ಸ್ಪಷ್ಟ. ಸ್ಟೆಲ್ತ್ ವಿಮಾನ ರೇಡಿಯೊದಲ್ಲಿ ಎಡೆಬಿಡದೆ ಮಾತಾಡಿದರೆ, ಅದರ ಮೈ ಎಷ್ಟೇ ಮರೆಯಾಗಿದ್ದರೂ ದನಿ ಸಿಕ್ಕಿಬೀಳುತ್ತದೆ. ಆದ್ದರಿಂದ ಕಿರಿದಾದ, ಒಂದೇ ದಿಕ್ಕಿಗೆ ಹೋಗುವ ಕಿರಣದಲ್ಲಿ ಕ್ಷಣಮಾತ್ರ ಸಂದೇಶ ಕಳಿಸುವ ಡೇಟಾ ಲಿಂಕ್ ಬೇಕು. ಶತ್ರು ಅದನ್ನು ಕೆಡಿಸಿದರೆ ಡ್ರೋನ್ ಕೆಲಸ ಮುಗಿಸಬೇಕೋ, ಹಿಂತಿರುಗಬೇಕೋ ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ನೆಲದಿಂದಲೇ ಏಕೆ ನಡೆಸಬಾರದು? ಶಾಂತ ಆಕಾಶದಲ್ಲಿ ಖಂಡಿತ ನಡೆಸಬಹುದು; ಉಪಗ್ರಹದ ಮೂಲಕ ಸಾವಿರಾರು ಕಿಲೋಮೀಟರ್ ದೂರದಿಂದ ಡ್ರೋನ್ ನಡೆಸುವುದು ಹಳೆಯ ಮಾತು. ಸಮಬಲದ ಶತ್ರುವಿನೆದುರು ಉಪಗ್ರಹ ಸಂಪರ್ಕವೇ ಮೊದಲು ಕಡಿದುಹೋಗುತ್ತದೆ. ನೆಲದ ರೇಡಿಯೊ ಬೆಟ್ಟದಾಚೆ ಕಾಣದು. ಹತ್ತಿರದಲ್ಲೇ ಹಾರುತ್ತಿರುವ ಮನುಷ್ಯರಿಗೆ ಡ್ರೋನ್ ನೇರ ದೃಷ್ಟಿಯಲ್ಲಿರುತ್ತದೆ. ಹಿಂದಿನ ಆಸನದ ಪರವಾದ ಬಲವಾದ ವಾದ ಇದೇ.

ಎರಡನೆಯದು ಆಯುಧ ಬಿಡುವ ತೀರ್ಮಾನ. ಕೊಲ್ಲುವ ನಿರ್ಧಾರ ಯಂತ್ರದ ಕೈಗೆ ಹೋಗಬಾರದು ಎಂಬುದು ಹಲವು ಸೇನೆಗಳ ಘೋಷಿತ ನಿಲುವು. ಕಾದಾಟದ ನಡುವೆ ಆರೇಳು ಪಟ್ಟು ಗುರುತ್ವ ಹೊತ್ತು, ಕತ್ತು ತಿರುಗಿಸಲೂ ಆಗದ ಪೈಲಟ್ ಪರದೆಯ ಮೇಲೊಂದು ಗುಂಡಿ ಒತ್ತಿ ಒಪ್ಪಿಗೆ ಕೊಟ್ಟರೆ ಅದನ್ನು ವಿವೇಚನೆಯೆನ್ನುವುದು ಕಷ್ಟ. ಗುರಿ ನಿಜಕ್ಕೂ ಗುರಿಯೇ, ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಲು ಬಿಡುವಿರುವ ಒಬ್ಬರು ವಿಮಾನದಲ್ಲಿರುವುದು ಬೇರೆ ಮಾತು. ಈ ಅಂಶಕ್ಕೆ ವಿಮಾನತಜ್ಞರ ಚರ್ಚೆಯಲ್ಲಿ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ. ಅವರ ಲೆಕ್ಕವೆಲ್ಲ ತೂಕ ಮತ್ತು ಇಂಧನದ್ದು.

ಮೂರನೆಯದು ಎಲೆಕ್ಟ್ರಾನಿಕ್ ಯುದ್ಧ. ಶತ್ರು ರಾಡಾರ್‌ಗಳ ಸದ್ದು ಕೇಳಿ, ಯಾವುದನ್ನು ಕೆಡಿಸಬೇಕು, ಯಾವುದಕ್ಕೆ ಸುಳ್ಳು ಗುರಿ ತೋರಿಸಬೇಕು ಎಂದು ಆರಿಸುವ ಕೆಲಸಕ್ಕೆ ಸತತ ಗಮನ ಬೇಕು. ಚೀನಾದ ಜೆ-16ಡಿ ಇದಕ್ಕೆಂದೇ ಇರುವ ಎರಡಾಸನದ ವಿಮಾನ. ಅದು ಸ್ಟೆಲ್ತ್ ಅಲ್ಲ. 2025ರ ನವೆಂಬರ್‌ನಲ್ಲಿ ಚೀನಾ ವಾಯುಪಡೆ ಬಿಡುಗಡೆ ಮಾಡಿದ ದೃಶ್ಯಗಳಲ್ಲಿ ಜೆ-20, ಜೆ-16ಡಿ ಮತ್ತು ಜಿಜೆ-11 ಸ್ಟೆಲ್ತ್ ಡ್ರೋನ್ ಒಟ್ಟಿಗೆ ಹಾರುವುದು ಕಂಡಿತು. ಮುಂಚೂಣಿಯ ಸಣ್ಣ ಕಣ್ಗಾವಲು ಕೇಂದ್ರವಾಗಿ ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಯುದ್ಧಕ್ಕೆ ಹೊಂದಿಕೊಂಡ ಇನ್ನೊಂದು ಪಾತ್ರ. ದೊಡ್ಡ ರಾಡಾರ್ ವಿಮಾನಗಳನ್ನು ದೂರದ ಕ್ಷಿಪಣಿಗಳು ಹಿಂದಕ್ಕೆ ತಳ್ಳಿದಾಗ, ಅವುಗಳ ಕೆಲಸದ ಒಂದು ಪಾಲನ್ನು ಎರಡಾಸನದ ಸ್ಟೆಲ್ತ್ ವಿಮಾನ ಹೊರಬಲ್ಲದು.

ತರಬೇತಿ ನಾಲ್ಕನೆಯದು, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯಂತ್ರಕ್ಕೆ ತರಬೇತಿ ಕೊಡುವ ಕೆಲಸ ಮಾತ್ರ ಕುತೂಹಲಕರ. ಅಮೆರಿಕದ ಎಕ್ಸ್-62ಎ ಎಂಬುದು ಬದಲಾಯಿಸಿದ ಎರಡಾಸನದ ಎಫ್-16. ಕೃತಕ ಬುದ್ಧಿಮತ್ತೆ ಅದನ್ನು ಹಾರಿಸುತ್ತದೆ, ಪೈಲಟ್‌ಗಳು ಕಾವಲಿಗಿರುತ್ತಾರೆ. 2023ರಲ್ಲಿ ಅದು ಮನುಷ್ಯರು ಹಾರಿಸಿದ ಎಫ್-16ರ ಎದುರು ಸಮೀಪದ ಕಾದಾಟದ ಪ್ರಯೋಗ ನಡೆಸಿತು. 2024ರ ಮೇ ತಿಂಗಳಲ್ಲಿ ಆಗಿನ ಅಮೆರಿಕ ವಾಯುಪಡೆ ಕಾರ್ಯದರ್ಶಿ ಫ್ರಾಂಕ್ ಕೆಂಡಾಲ್ ಸ್ವತಃ ಅದರಲ್ಲಿ ಕೂತು ಹಾರಿದರು. ಡ್ರೋನ್‌ಗೆ ತುಂಬಬೇಕಾದ ತಂತ್ರಾಂಶವನ್ನು ಮೊದಲು ಮನುಷ್ಯರಿರುವ ವಿಮಾನದಲ್ಲಿ ಒರೆಗೆ ಹಚ್ಚಲು ಎರಡಾಸನದ್ದು ಹೇಳಿ ಮಾಡಿಸಿದಂತಿದೆ.

ಬೇಡವೆನ್ನುವವರ ವಾದ

ಅಮೆರಿಕ ವಾಯುಪಡೆ 2023ರಲ್ಲಿ ಹಾಕಿದ ಲೆಕ್ಕ ಸುಮಾರು 1,000 ಜೊತೆಗಾರ ಡ್ರೋನ್‌ಗಳದ್ದು, ಒಂದು ಯುದ್ಧವಿಮಾನಕ್ಕೆ ಎರಡರಂತೆ. ಅವುಗಳ ಮೊದಲ ಮಾದರಿಗಳಾದ ವೈಎಫ್‌ಕ್ಯೂ-42ಎ ಮತ್ತು ವೈಎಫ್‌ಕ್ಯೂ-44ಎ 2025ರ ಆಗಸ್ಟ್ ಮತ್ತು ಅಕ್ಟೋಬರ್‌ನಲ್ಲಿ ಹಾರಿದವು. ಅವನ್ನು ನಡೆಸಬೇಕಾದವರು ಒಂಟಿ ಆಸನದ ಪೈಲಟ್‌ಗಳೇ. ಅದೇ ಅಕ್ಟೋಬರ್‌ನಲ್ಲಿ ನೆವಾಡಾದ ಮೇಲೆ ಎಫ್-22ರ ಪೈಲಟ್ ಒಬ್ಬರು ಕಾಕ್‌ಪಿಟ್‌ನಲ್ಲಿದ್ದ ಟ್ಯಾಬ್ಲೆಟ್‌ನಿಂದ ಎಂಕ್ಯೂ-20 ಡ್ರೋನ್‌ಗೆ ಆಜ್ಞೆ ಕೊಟ್ಟರು. ಎರಡು ಡ್ರೋನ್‌ಗೆ ಒಂದು ಟ್ಯಾಬ್ಲೆಟ್ ಸಾಲುತ್ತದೆ ಎಂದಾದರೆ ಹಿಂದಿನ ಆಸನ ಅಧಿಕ ಭಾರ.

ಆಸ್ಟ್ರೇಲಿಯದ ದಾರಿ ಬೇರೆ. 2025ರಲ್ಲಿ ಅಲ್ಲಿನ ಇ-7ಎ ಕಣ್ಗಾವಲು ವಿಮಾನದಿಂದ ಎಂಕ್ಯೂ-28 ಘೋಸ್ಟ್ ಬ್ಯಾಟ್ ಡ್ರೋನ್‌ಗಳನ್ನು ನಿಯಂತ್ರಿಸಿ ನೋಡಲಾಯಿತು. ದೊಡ್ಡ ವಿಮಾನದಲ್ಲಿ ಮೇಜು, ಕುರ್ಚಿ, ಜನ ಎಲ್ಲಕ್ಕೂ ಜಾಗವಿದೆ. ಬೆಂಗಳೂರಿನ ವಾಯುಗಾಮಿ ವ್ಯವಸ್ಥೆಗಳ ಕೇಂದ್ರ (ಕ್ಯಾಬ್ಸ್) ಎಂಬ್ರೇರ್ ವಿಮಾನದ ಮೇಲೆ ರೂಪಿಸಿದ ಇಂಥದೇ ಕಣ್ಗಾವಲು ವಿಮಾನ ನೇತ್ರ ನಮ್ಮ ವಾಯುಪಡೆಗೆ ಸೇರಿದ್ದು 2017ರ ಫೆಬ್ರವರಿಯಲ್ಲಿ, ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲೇ. ತತ್ವದಲ್ಲಿ ಅದೂ ಡ್ರೋನ್‌ಗಳ ಯಜಮಾನನಾಗಬಹುದು. ಅಂಥ ವಿಮಾನ ಮುಂಚೂಣಿಯಿಂದ ಎಷ್ಟು ಹಿಂದೆ ನಿಲ್ಲಬೇಕಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ದಕ್ಷಿಣ ಕೊರಿಯ ತನ್ನ ಕೆಎಫ್-21ರ ಎರಡಾಸನದ ಆವೃತ್ತಿಯನ್ನೂ ಫ್ರಾನ್ಸ್ ಮುಂದಿನ ರಫೇಲ್ ಎಫ್5ಅನ್ನೂ ಡ್ರೋನ್‌ಗಳ ಜೊತೆ ಹಾರಿಸುವ ಯೋಜನೆ ಹಾಕಿವೆ. ಇವೆರಡೂ ಪೂರ್ಣ ಸ್ಟೆಲ್ತ್ ಅಲ್ಲ. ರಷ್ಯಾದ ಎಸ್-70 ಒಖೊತ್ನಿಕ್ ಡ್ರೋನ್ 2019ರ ಸೆಪ್ಟೆಂಬರ್‌ನಲ್ಲಿ ಸು-57ರ ಜೊತೆ ಹಾರಿತು. 2024ರ ಅಕ್ಟೋಬರ್‌ನಲ್ಲಿ ಯುಕ್ರೇನ್ ಆಕಾಶದಲ್ಲಿ ಅಂಥದ್ದೊಂದನ್ನು ರಷ್ಯಾದ ವಿಮಾನವೇ ಹೊಡೆದುರುಳಿಸಿತು. ಜೋಡಿ ಹಾರಾಟದಲ್ಲಿ ಡ್ರೋನ್ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಿಜ ಯುದ್ಧದಲ್ಲಿ ಸಿಕ್ಕ ಉದಾಹರಣೆಯೆಂದು ಅದನ್ನು ಓದುವುದು ತಪ್ಪಲ್ಲ.

ಬೆಂಗಳೂರು ಬಯಸಿ ಬಿಟ್ಟ ವಿಮಾನ

ಎರಡಾಸನದ ಸ್ಟೆಲ್ತ್ ವಿಮಾನವೊಂದು ಎಚ್‌ಎಎಲ್‌ನ ನಕ್ಷೆಯ ಮೇಜಿಗೆ ಬಂದು ಹೋಗಿದೆ. 2007ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ರಷ್ಯಾ ಐದನೆಯ ಪೀಳಿಗೆಯ ಯುದ್ಧವಿಮಾನಕ್ಕಾಗಿ ಒಪ್ಪಂದ ಮಾಡಿಕೊಂಡವು. 2010ರ ಡಿಸೆಂಬರ್‌ನಲ್ಲಿ ಎಚ್‌ಎಎಲ್ ಮತ್ತು ಸುಖೋಯ್ ನಡುವೆ 29.5 ಕೋಟಿ ಡಾಲರ್‌ಗಳ ಪ್ರಾಥಮಿಕ ವಿನ್ಯಾಸದ ಒಪ್ಪಂದವಾಯಿತು. ರಷ್ಯಾದ್ದು ಒಂಟಿ ಆಸನ, ಭಾರತದ್ದು ಎರಡಾಸನ ಎಂಬುದು ಆರಂಭದ ಯೋಚನೆ. ಸು-30ಎಂಕೆಐ ಕೊಟ್ಟ ಅನುಭವ ಇದರ ಬೆನ್ನಿಗಿತ್ತು. 2002ರಿಂದ ವಾಯುಪಡೆಯಲ್ಲಿರುವ ಆ ಎರಡಾಸನದ ವಿಮಾನಕ್ಕೆ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಡೇರ್ ಮಿಷನ್ ಕಂಪ್ಯೂಟರ್ ರೂಪಿಸಿಕೊಟ್ಟಿತ್ತು, ಮತ್ತು ದೂರದ ದಾಳಿಯಲ್ಲಿ ಹಿಂದೆ ಕೂತವರ ಬೆಲೆ ವಾಯುಪಡೆಗೆ ಗೊತ್ತಾಗಿತ್ತು. ಆದರೂ ಎರಡನೆಯ ಆಸನಕ್ಕೆ ತೆರಬೇಕಾದ ದುಡ್ಡು, ಕಾಲ, ಕಳೆದುಕೊಳ್ಳಬೇಕಾದ ವ್ಯಾಪ್ತಿ ಎಲ್ಲ ಲೆಕ್ಕ ಹಾಕಿದಾಗ ವಾಯುಪಡೆ ಒಂಟಿ ಆಸನದ ಕಡೆಗೇ ವಾಲಿತು. 2018ರಲ್ಲಿ ಭಾರತ ಯೋಜನೆಯಿಂದಲೇ ಹೊರಬಂತು. ಏಳು ವರ್ಷಗಳ ನಂತರ, 2025ರ ಫೆಬ್ರವರಿಯಲ್ಲಿ, ಆ ಯೋಜನೆಗೆ ಆಧಾರವಾಗಿದ್ದ ಸು-57 ಯಲಹಂಕದ ಆಕಾಶದಲ್ಲಿ ಕಸರತ್ತು ಮಾಡಿತು. ಅಮೆರಿಕದ ಎಫ್-35 ಕೂಡ ಅಲ್ಲೇ ನಿಂತಿತ್ತು.

ಈಗಿನ ಭರವಸೆ ಎಡಿಎ ರೂಪಿಸುತ್ತಿರುವ ಆಮ್ಕಾ. ಸುಮಾರು 25 ಟನ್ ತೂಕದ, ಎರಡು ಎಂಜಿನ್‌ಗಳ, ಒಂಟಿ ಆಸನದ ವಿಮಾನ. ಒಳಖಾನೆಯಲ್ಲಿ 1,500 ಕಿಲೋ ಆಯುಧ, ಒಡಲಲ್ಲಿ 6,500 ಕಿಲೋ ಇಂಧನ. ಭದ್ರತೆಯ ಸಂಪುಟ ಸಮಿತಿ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಯ ಅಭಿವೃದ್ಧಿ ಯೋಜನೆಗೆ ಒಪ್ಪಿತು; ಖಾಸಗಿ ಕಂಪನಿಗಳೂ ಸ್ಪರ್ಧಿಸಬಹುದಾದ ನಿರ್ಮಾಣ ಮಾದರಿಗೆ 2025ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ಒಳಖಾನೆಯ ಜಾಗ ಇಷ್ಟೇ ಇರುವಾಗ ಹೆಚ್ಚಿನ ಕ್ಷಿಪಣಿಗಳನ್ನು ಡ್ರೋನ್‌ಗಳ ಮೇಲೆ ಹೊರಿಸುವ ಆಲೋಚನೆ ಸಹಜವಾಗಿಯೇ ಬರುತ್ತದೆ.

ಕ್ಯಾಟ್ಸ್: ತೇಜಸ್‌ನ ಹಿಂದಿನ ಆಸನ

2021ರ ಫೆಬ್ರವರಿಯ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ಕ್ಯಾಟ್ಸ್ ಎಂಬ ಜೋಡಿ ಹಾರಾಟದ ಯೋಜನೆಯನ್ನು ಪ್ರದರ್ಶಿಸಿತು. ಅದರಲ್ಲಿ ಮಾತೃವಿಮಾನವಾಗಿ ತೋರಿಸಿದ್ದು ಎರಡಾಸನದ ತೇಜಸ್. ಮುಂದೆ ಪೈಲಟ್, ಹಿಂದೆ ಡ್ರೋನ್‌ಗಳ ಮೇಲ್ವಿಚಾರಕರು. ಅದರ ಕೈಕೆಳಗೆ ನಾಲ್ಕು ಬಗೆಯ ಯಂತ್ರಗಳು. ವಾರಿಯರ್ ಜೊತೆಗಾರ ಡ್ರೋನ್. ಹಂಟರ್ ಕ್ಷಿಪಣಿಯಂತೆ ಗುರಿಯತ್ತ ಹೋಗುವಂಥದ್ದು. ಆಲ್ಫಾ ಸಣ್ಣ ಡ್ರೋನ್‌ಗಳ ಹಿಂಡನ್ನು ಹೊತ್ತು ಬಿಡುವಂಥದ್ದು. ಇನ್ಫಿನಿಟಿ ಅತಿ ಎತ್ತರದಲ್ಲಿ ಬಹುಕಾಲ ತೇಲುತ್ತ ಉಪಗ್ರಹದ ಕೆಲಸ ಮಾಡಬೇಕಾದದ್ದು. ಇದರಲ್ಲಿ ಬೆಂಗಳೂರಿನ ನ್ಯೂಸ್ಪೇಸ್ ರಿಸರ್ಚ್ ಪಾಲುದಾರ.

ವಾರಿಯರ್‌ಗೆ ಎಚ್‌ಎಎಲ್ ಆರಿಸಿಕೊಂಡ ಎಂಜಿನ್ ಹಳೆಯ ಪರಿಚಯದ್ದು. ಎಡಿಇಯ ಲಕ್ಷ್ಯ ಎಂಬ ಪೈಲಟ್‌ರಹಿತ ಗುರಿವಿಮಾನಕ್ಕೆಂದು ಬೆಂಗಳೂರಿನಲ್ಲೇ ಮಾಡಿದ, ಸುಮಾರು 380 ಕಿಲೋ ತಳ್ಳುಬಲದ ಪಿಟಿಎಇ-7. ಅಂಥ ಎರಡನ್ನು ವಾರಿಯರ್‌ಗೆ ಜೋಡಿಸಿ, 2025ರ ಜನವರಿಯಲ್ಲಿ ಪೂರ್ಣ ಗಾತ್ರದ ಮಾದರಿಯ ಎಂಜಿನ್‌ಗಳನ್ನು ನೆಲದ ಮೇಲೆ ಚಾಲೂ ಮಾಡಿ ನೋಡಲಾಯಿತು. ಗುರಿಯಾಗಿ ಹೊಡೆಸಿಕೊಳ್ಳಲು ಹುಟ್ಟಿದ ಎಂಜಿನ್ ಈಗ ಹೊಡೆಯುವ ಯಂತ್ರಕ್ಕೆ ಸೇರಿದೆ. ವಾರಿಯರ್ ಹೋಗಿ ಮರಳುವುದಾದರೆ 350 ಕಿ.ಮೀ., ಮರಳದೆ ಗುರಿಯ ಮೇಲೇ ಎರಗುವುದಾದರೆ 700 ಕಿ.ಮೀ. ಎಂಬುದು ಎಚ್‌ಎಎಲ್ ಮುಂದಿಟ್ಟ ಲೆಕ್ಕ. ಅದು ಹೊರಬೇಕಾದ ಆಯುಧಗಳಲ್ಲಿ ರನ್‌ವೇ ಕೆಡಿಸುವ, 125 ಕಿಲೋ ವರ್ಗದ ಸಾವ್ ಬಾಂಬೂ ಒಂದು. ಅದೇ ಬಾಂಬನ್ನು 2021ರ ಜನವರಿಯಲ್ಲಿ ಎಚ್‌ಎಎಲ್ ತನ್ನದೇ ಎರಡಾಸನದ ಹಾಕ್-ಐ ವಿಮಾನದಿಂದ ಒಡಿಶಾ ಕರಾವಳಿಯಲ್ಲಿ ಪ್ರಯೋಗಿಸಿತ್ತು.

ತೇಜಸ್ ಸ್ಟೆಲ್ತ್ ವಿಮಾನವಲ್ಲ. ಗಾತ್ರದಲ್ಲಿ ಚಿಕ್ಕದು, ಅಷ್ಟೆ. ಹಾಗಾಗಿ ಕ್ಯಾಟ್ಸ್‌ನ ತರ್ಕ ಚೀನಾದ ತರ್ಕದಿಂದ ಬೇರೆ. ಜೆ-20ಎಸ್ ಡ್ರೋನ್‌ಗಳ ಜೊತೆ ತಾನೂ ಮುಂದೆ ನುಗ್ಗಬಲ್ಲದು. ತೇಜಸ್ ಗಡಿಯ ಈಚೆಗೆ ನಿಂತು, ಅಪಾಯದ ಜಾಗಕ್ಕೆ ವಾರಿಯರನ್ನು ಕಳಿಸಬೇಕು. ಮರೆಯಾಗುವ ಗುಣ ಇಲ್ಲಿ ಮಾತೃವಿಮಾನದಿಂದ ಡ್ರೋನ್‌ಗೆ ವರ್ಗವಾಗಿದೆ. ಕಾಸು ಕಡಿಮೆಯಿರುವ ವಾಯುಪಡೆಗೆ ಇದು ಜಾಣತನದ ದಾರಿ ಎಂಬುದು ಈ ಲೇಖಕನ ಎಣಿಕೆ. ಆದರೆ ದೂರ ಹೆಚ್ಚಿದಷ್ಟೂ ಡೇಟಾ ಲಿಂಕಿನ ಮೇಲೆ ಭಾರ ಹೆಚ್ಚುತ್ತದೆ.

ಆಸನಗಳಂತೂ ಬರುತ್ತಿವೆ. ತೇಜಸ್‌ನ ಎರಡಾಸನದ ಮೊದಲ ಮಾದರಿ ಹಾರಿದ್ದು 2009ರ ನವೆಂಬರ್ 26ರಂದು. ವಾಯುಪಡೆಗೆ ಮೊದಲ ಎರಡಾಸನದ ತೇಜಸ್ ಹಸ್ತಾಂತರವಾದದ್ದು 2023ರ ಅಕ್ಟೋಬರ್ 4ರಂದು ಬೆಂಗಳೂರಿನಲ್ಲಿ. 2021ರ 83 ವಿಮಾನಗಳ ಒಪ್ಪಂದದಲ್ಲಿ ಎರಡಾಸನದವು 10. 2025ರ ಸೆಪ್ಟೆಂಬರ್ 25ರಂದು ಸಹಿಯಾದ, 62,370 ಕೋಟಿ ರೂಪಾಯಿ ಮೀರಿದ 97 ವಿಮಾನಗಳ ಒಪ್ಪಂದದಲ್ಲಿ 29. ಕಾಗದದ ಮೇಲೆ ಇವು ತರಬೇತಿ ವಿಮಾನಗಳೇ. ಆದರೂ ಪಾಲು ಎಂಟರಲ್ಲೊಂದರಿಂದ ಹತ್ತರಲ್ಲಿ ಮೂರಕ್ಕೆ ಏರಿರುವುದು ಗಮನಿಸತಕ್ಕದ್ದು.

ಚಳ್ಳಕೆರೆಯ ಕಾವಲು

ಡ್ರೋನ್ ಹಾರಿಸಲು ಖಾಲಿ ನೆಲವೂ ಖಾಲಿ ಆಕಾಶವೂ ಬೇಕು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತ್‌ಮಹಲ್ ಕಾವಲಿನ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಡಿಆರ್‌ಡಿಒಗೆ ಹೋಯಿತು. ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಅದು. ಕುರಿ-ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಗಳವರು ಪ್ರತಿಭಟಿಸಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು.

ಅಲ್ಲಿ ಆದದ್ದೆಲ್ಲ ಜಯವಲ್ಲ. ಎಡಿಇಯ ತಪಸ್ ಕಣ್ಗಾವಲು ಡ್ರೋನ್‌ಗೆ 30,000 ಅಡಿ ಎತ್ತರ, 24 ಗಂಟೆ ಹಾರಾಟದ ಗುರಿಯಿತ್ತು. ಮುಟ್ಟಿದ್ದು 28,000 ಅಡಿ, 18 ಗಂಟೆ. ಒಂದು 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ, ಇನ್ನೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದವು. ಬಾಲವೇ ಇಲ್ಲದ ರೆಕ್ಕೆಯಾಕಾರದ ಸ್ವಿಫ್ಟ್ ಎಂಬ ಪ್ರಯೋಗ ಡ್ರೋನಿನದು ಬೇರೆ ಕಥೆ. 2022ರ ಜುಲೈ 1ರಂದು ಅದು ತಾನೇ ಮೇಲೆದ್ದು, ಹಾರಿ, ತಾನೇ ಇಳಿಯಿತು. ರಾಡಾರ್‌ಗೆ ಎದುರಾಗುವ ಲಂಬವಾದ ಬಾಲ ತೆಗೆದರೆ ಸ್ಟೆಲ್ತ್ ಗುಣ ಹೆಚ್ಚುತ್ತದೆ, ಹಾರಾಟದ ಸ್ಥಿರತೆ ಕೆಡುತ್ತದೆ. ಕೆಟ್ಟ ಸ್ಥಿರತೆಯನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರಬೇಕು. ಇದೇ ರೂಪದ ದೊಡ್ಡ ದಾಳಿ ಡ್ರೋನ್ ಘಾತಕ್ ಮುಂದಿನ ಗುರಿ. ಅದಕ್ಕೆ ಬೆಂಗಳೂರಿನ ಎಂಜಿನ್ ಪ್ರಯೋಗಾಲಯ ಜಿಟಿಆರ್‌ಇ ತನ್ನ ಕಾವೇರಿ ಎಂಜಿನ್‌ನ ಆಫ್ಟರ್‌ಬರ್ನರ್ ಇಲ್ಲದ ಆವೃತ್ತಿಯನ್ನು ಸಿದ್ಧಪಡಿಸುತ್ತಿದೆ. ತೇಜಸ್‌ಗೆ ಸಾಲದೆಂದು ಬದಿಗೆ ಸರಿದಿದ್ದ ಎಂಜಿನ್ ಅದು.

ಕೂರುವವರು

ಯಂತ್ರಗಳ ಸುದ್ದಿಯ ನಡುವೆ 2022ರ ಅಕ್ಟೋಬರ್ 8ರ ಒಂದು ಘೋಷಣೆ ಅಷ್ಟಾಗಿ ಚರ್ಚೆಯಾಗಲಿಲ್ಲ. ಅಂದು ಚಂಡೀಗಢದಲ್ಲಿ ವಾಯುಪಡೆ ದಿನದಂದು ಆಗಿನ ಮುಖ್ಯಸ್ಥ ವಿ. ಆರ್. ಚೌಧರಿ ಅಧಿಕಾರಿಗಳಿಗಾಗಿ ವೆಪನ್ ಸಿಸ್ಟಮ್ ಎಂಬ ಹೊಸ ಶಾಖೆ ಪ್ರಕಟಿಸಿದರು. ಅದರ ನಾಲ್ಕು ವಿಭಾಗಗಳಲ್ಲಿ ಎರಡು ನೆಲದಿಂದ ಹಾರುವ ಕ್ಷಿಪಣಿಗಳವು. ಉಳಿದವೆರಡರಲ್ಲಿ ಒಂದು ಡ್ರೋನ್ ನಡೆಸುವವರದು, ಮತ್ತೊಂದು ಎರಡಾಸನದ ಹಾಗೂ ದೊಡ್ಡ ವಿಮಾನಗಳಲ್ಲಿ ಆಯುಧ ವ್ಯವಸ್ಥೆ ನೋಡಿಕೊಳ್ಳುವವರದು. 2024ರ ಜುಲೈ 1ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಶಾಲೆ ಆರಂಭವಾಯಿತು.

ಸು-30ರ ಹಿಂದಿನ ಆಸನಕ್ಕೆ ಹೋಗುವವರೂ ಡ್ರೋನ್ ಕೇಂದ್ರಕ್ಕೆ ಹೋಗುವವರೂ ಈಗ ಒಂದೇ ಶಾಖೆಯಲ್ಲಿ, ಒಂದೇ ಶಾಲೆಯಲ್ಲಿ ಕಲಿಯುತ್ತಾರೆ. ಬೀದರ್‌ನಲ್ಲಿ ಹಾಕ್ ವಿಮಾನದ ಮೇಲೆ ಪಳಗುವ ಯುವ ಪೈಲಟ್‌ಗಳು ಸೇವೆಯ ಮಧ್ಯಭಾಗ ಮುಟ್ಟುವ ಹೊತ್ತಿಗೆ ಇವರ ಜೊತೆಯಲ್ಲೇ ಹಾರಬೇಕಾಗುತ್ತದೆ. ಆಮ್ಕಾಗೆ ಎರಡನೆಯ ಆಸನ ಕೊಡುವ ಅಧಿಕೃತ ಯೋಜನೆ ಇಲ್ಲದಿರುವಾಗ, ಅವರು ಕೂರುವುದು ತೇಜಸ್‌ನ ಹಿಂದೆಯೋ, ಸುಧಾರಿಸಿದ ಸು-30ರ ಹಿಂದೆಯೋ, ನೇತ್ರದ ಮೇಜಿನೆದುರೋ ಎಂಬುದನ್ನು ವಾರಿಯರ್‌ನ ಹಾರಾಟ ಪರೀಕ್ಷೆಗಳೂ ಡೇಟಾ ಲಿಂಕಿನ ಕ್ಷಮತೆಯೂ ತೀರ್ಮಾನಿಸಲಿವೆ.